ಹ್ಯಾಂಬರ್ಗ್‌ನ ವೈರು ಟುಲೂಸ್‌ನಲ್ಲಿ ಗಿಡ್ಡವಾದದ್ದು ಯಾಕೆ?

ಪ್ರಯಾಣಿಕರ ವಿಮಾನಗಳಲ್ಲೇ ಅತಿ ದೊಡ್ಡದು ಏರ್‌ಬಸ್ ಎ380. ಅದರ ಒಡಲಿನ ಮುಂದಿನ ಮತ್ತು ಹಿಂದಿನ ಭಾಗಗಳನ್ನು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಜ್ಜು ಮಾಡಿ, ವೈರಿಂಗ್ ಸಮೇತ ಫ್ರಾನ್ಸಿನ ಟುಲೂಸ್‌ಗೆ ಕಳಿಸುತ್ತಿದ್ದರು. ಕೊನೆಯ ಜೋಡಣೆ ನಡೆಯುತ್ತಿದ್ದದ್ದು ಟುಲೂಸ್‌ನಲ್ಲಿ. ಅಲ್ಲಿ ಭಾಗಗಳನ್ನು ಕೂಡಿಸಲು ಹೋದಾಗ ವೈರಿನ ಕಂತೆಗಳು ಸಾಲಲಿಲ್ಲ. ಕಂಪ್ಯೂಟರಿನಲ್ಲಿ ಗುರುತಿಸಿದ್ದ ದಾರಿಯಲ್ಲೇ ಎಳೆದರೂ ಕನೆಕ್ಟರ್‌ವರೆಗೆ ಮುಟ್ಟುತ್ತಿರಲಿಲ್ಲ.

ಕೇಳಲಿಕ್ಕೆ ಸಣ್ಣ ತಪ್ಪು. ವೈರು ಗಿಡ್ಡವಾದರೆ ಉದ್ದದ್ದು ಹಾಕಿದರಾಯ್ತು, ಅಲ್ವಾ? ಆದರೆ ಒಂದು ಎ380ರೊಳಗೆ ಸುಮಾರು 530 ಕಿಲೋಮೀಟರ್ ವೈರಿದೆ. ಬೆಂಗಳೂರಿನಿಂದ ಬೆಳಗಾವಿ ದಾಟಿ ಹೋಗುವಷ್ಟು ಉದ್ದ. 40,000ಕ್ಕೂ ಹೆಚ್ಚು ಕನೆಕ್ಟರ್‌ಗಳಿವೆ. ಒಂದು ಕಂತೆ ಬದಲಾದರೆ ಅದು ಹಾದುಹೋಗುವ ದಾರಿ ಬದಲಾಗುತ್ತದೆ, ಅದನ್ನು ಹಿಡಿದಿಡುವ ಕ್ಲಿಪ್ಪು ಬದಲಾಗುತ್ತದೆ, ಪಕ್ಕದ ಕಂತೆಗೆ ಜಾಗ ಕಡಿಮೆಯಾಗುತ್ತದೆ. ಹ್ಯಾಂಬರ್ಗ್‌ನಿಂದ ನೂರಾರು ಜನ ಟುಲೂಸ್‌ಗೆ ಬಂದು, ವಿಮಾನದೊಳಗೇ ಕೂತು ಕೈಯಾರೆ ವೈರು ಬಿಚ್ಚಿ ಮತ್ತೆ ಹಾಕಬೇಕಾಯಿತು.

2006ರ ಜೂನ್‌ನಲ್ಲಿ ಏರ್‌ಬಸ್ ಇನ್ನೊಂದು ಬಾರಿ ವಿಳಂಬ ಘೋಷಿಸಿತು. ಅದರ ಮಾತೃಸಂಸ್ಥೆ ಇಎಡಿಎಸ್‌ನ ಷೇರು ಒಂದೇ ದಿನದಲ್ಲಿ ಕಾಲು ಭಾಗದಷ್ಟು ಕುಸಿಯಿತು. ಜುಲೈನಲ್ಲಿ ಎರಡೂ ಸಂಸ್ಥೆಗಳಿಂದ ಒಬ್ಬೊಬ್ಬ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್ ಕೈ ಸೇರಿದ್ದು 2007ರ ಅಕ್ಟೋಬರ್ 15ರಂದು. ಈ ವಿಳಂಬದಿಂದ 2010ರವರೆಗೆ 480 ಕೋಟಿ ಯೂರೋಗಳಷ್ಟು ಲಾಭ ತಪ್ಪಿಹೋಗುತ್ತದೆ ಎಂದು ಕಂಪನಿಯೇ ಅಂದಾಜು ಮಾಡಿತ್ತು.

ಈ ಕಥೆಯನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಫ್ರಾನ್ಸ್ ಮತ್ತು ಬ್ರಿಟನ್‌ನ ಎಂಜಿನಿಯರುಗಳು ಕ್ಯಾಟಿಯಾ ಎಂಬ ವಿನ್ಯಾಸ ಸಾಫ್ಟ್‌ವೇರಿನ 5ನೇ ಆವೃತ್ತಿ ಬಳಸುತ್ತಿದ್ದರು, ಜರ್ಮನಿ ಮತ್ತು ಸ್ಪೇನಿನವರು 4ನೇ ಆವೃತ್ತಿಯಲ್ಲೇ ಇದ್ದರು, ಎರಡೂ ಒಂದಕ್ಕೊಂದು ಹೊಂದಲಿಲ್ಲ ಅಂತ. ಅದು ಸುಳ್ಳಲ್ಲ. 5ನೇ ಆವೃತ್ತಿಯನ್ನು ಬುಡದಿಂದ ಹೊಸದಾಗಿ ಬರೆದಿದ್ದರು. 4ರ ಫೈಲನ್ನು 5ಕ್ಕೆ ತಂದಾಗ ಆಕಾರ ಬರುತ್ತಿತ್ತು, ಆದರೆ ಆಕಾರದ ಹಿಂದಿನ ನಿಯಮಗಳು ಪೂರ್ತಿ ಬರುತ್ತಿರಲಿಲ್ಲ. ಎ380ರಲ್ಲಿ ತೂಕ ಉಳಿಸಲು ಬಹಳ ಕಡೆ ತಾಮ್ರದ ಬದಲು ಅಲ್ಯೂಮಿನಿಯಂ ವೈರು ಹಾಕಿದ್ದರು. ಅಲ್ಯೂಮಿನಿಯಂ ವೈರು ದಪ್ಪ, ತಾಮ್ರದಷ್ಟು ಬಾಗುವುದಿಲ್ಲ. ಮೂಲೆಯಲ್ಲಿ ಎಷ್ಟು ಅಗಲದ ತಿರುವು ಬೇಕು ಎಂಬ ನಿಯಮವೇ ಬೇರೆ. ಆ ನಿಯಮ ಫೈಲಿನ ಜತೆ ಪ್ರಯಾಣ ಮಾಡದಿದ್ದರೆ ಒಂದೊಂದು ತಿರುವಿನಲ್ಲೂ ಸ್ವಲ್ಪ ಸ್ವಲ್ಪ ಉದ್ದ ಕಳೆದುಹೋಗುತ್ತದೆ. ಅದರ ಮೇಲೆ ಒಂದೊಂದು ವಿಮಾನಯಾನ ಸಂಸ್ಥೆಗೂ ಕ್ಯಾಬಿನ್ ಬೇರೆ, ಸೀಟಿನ ಟೀವಿ ಬೇರೆ, ಅಡುಗೆಕೋಣೆಯ ಜಾಗ ಬೇರೆ. ಹಾಗಾಗಿ ವೈರಿಂಗ್ ಬದಲಾಗುತ್ತಲೇ ಇತ್ತು.

ಆದರೆ ಸಾಫ್ಟ್‌ವೇರಿನ ಮೇಲೆ ಪೂರ್ತಿ ಹೊಣೆ ಹೊರಿಸಿದರೆ ಮುಖ್ಯ ಮಾತು ಜಾರಿಹೋಗುತ್ತದೆ. ಎರಡು ಕಡೆ ಎರಡು ಆವೃತ್ತಿ ಇರುವುದು ಗುಟ್ಟೇನಾಗಿರಲಿಲ್ಲ. 2001ರವರೆಗೆ ಏರ್‌ಬಸ್ ಒಂದು ಕಂಪನಿಯೇ ಅಲ್ಲ, ನಾಲ್ಕು ದೇಶಗಳ ಕಂಪನಿಗಳ ಒಕ್ಕೂಟ. ಯಾವ ಕಾರ್ಖಾನೆ ಯಾವ ಉಪಕರಣ ಬಳಸಬೇಕು ಎಂದು ನಿರ್ಧರಿಸಲು ಎಲ್ಲರ ಮೇಲೂ ಮಾತು ನಡೆಯುವ ಒಬ್ಬರು ಬೇಕಿತ್ತು. ಅಂಥವರು ಇರಲಿಲ್ಲ, ಇದ್ದರೂ ಬಲ ಸಾಲಲಿಲ್ಲ. ಇಬ್ಬರ ಕಂಪ್ಯೂಟರಿನಲ್ಲೂ ಒಂದೊಂದು ಪೂರ್ತಿ ವಿಮಾನವಿತ್ತು. ಎರಡೂ ಬೇರೆ ಬೇರೆ ವಿಮಾನಗಳು ಎಂಬುದು ನಿಜವಾದ ಲೋಹ ಬಂದು ಎದುರು ನಿಂತಾಗ ಗೊತ್ತಾಯಿತು.

ದೊಡ್ಡ ಎಂಜಿನಿಯರಿಂಗ್ ಕೆಲಸಗಳಲ್ಲಿ ತಂಡಗಳನ್ನು ಕೂಡಿಸುವ ತಂತ್ರಜ್ಞಾನದ ಬಗ್ಗೆ ಇವತ್ತು ಬಹಳ ಮಾತಿದೆ. ಚಾಟ್ ಆ್ಯಪ್, ವಿಡಿಯೊ ಕಾಲ್, ಮೀಟಿಂಗ್ ಸಾರಾಂಶ ಬರೆದುಕೊಡುವ ಎಐ. ಇವೆಲ್ಲ ಮಾತನಾಡುವುದನ್ನು ಸುಲಭ ಮಾಡುತ್ತವೆ. ನನ್ನ ಮಟ್ಟಿಗೆ ಅಳತೆ ಬೇರೆ. ಎರಡು ತಂಡಗಳ ತಲೆಯಲ್ಲಿ ಎರಡು ಚಿತ್ರ ಇದ್ದರೆ, ಅದನ್ನು ಎಷ್ಟು ಬೇಗ ಹೊರಗೆ ತರುತ್ತದೆ? ಬೇಗ ತಂದರೆ ಅದು ಒಳ್ಳೆಯ ಉಪಕರಣ. ತರದಿದ್ದರೆ ಎಷ್ಟು ಸೊಗಸಾಗಿದ್ದರೂ ಅಷ್ಟಕ್ಕಷ್ಟೇ.

ಬೋಯಿಂಗ್‌ನ ಎರಡು ವಿಮಾನಗಳು

ಎ380ಕ್ಕಿಂತ ಹತ್ತು ವರ್ಷ ಮೊದಲೇ ಬೋಯಿಂಗ್ ಇದನ್ನು ಚೆನ್ನಾಗಿ ಮಾಡಿ ತೋರಿಸಿತ್ತು. 777 ವಿಮಾನದ ಕೆಲಸ ಶುರುವಾದದ್ದು 1990ರಲ್ಲಿ. ಪೂರ್ತಿ ಕಂಪ್ಯೂಟರಿನಲ್ಲೇ ವಿನ್ಯಾಸಗೊಂಡ ಮೊದಲ ಪ್ರಯಾಣಿಕ ವಿಮಾನ ಅದು. ಬಳಸಿದ್ದು ಇದೇ ಕ್ಯಾಟಿಯಾ. ಅದಕ್ಕೂ ಮೊದಲು ಕಾಗದದ ಮೇಲೆ ಡ್ರಾಯಿಂಗ್ ಬರೆದು, ವಿಮಾನದ ಪೂರ್ಣ ಗಾತ್ರದ ಮಾದರಿ ಕಟ್ಟಿ, ಪೈಪು ಎಲ್ಲಿ ಕಂಬಿಗೆ ತಾಗುತ್ತದೆ ಎಂದು ಕಣ್ಣಿಂದ ನೋಡುತ್ತಿದ್ದರು. 777ರಲ್ಲಿ ಆ ಕೆಲಸವನ್ನು ಪರದೆಯ ಮೇಲೆ ಮಾಡಿದರು. 1994ರ ಜೂನ್ 12ರಂದು ಅದು ಮೊದಲ ಬಾರಿ ಹಾರಿತು. ಮರುವರ್ಷ ಸೇವೆಗೆ ಬಂತು.

ಸಾಫ್ಟ್‌ವೇರಿಗಿಂತ ನನಗೆ ದೊಡ್ಡದಾಗಿ ಕಾಣುವುದು ಅಲ್ಲಿ ಜನರನ್ನು ಕೂರಿಸಿದ ರೀತಿ. ಇನ್ನೂರಕ್ಕೂ ಹೆಚ್ಚು ಸಣ್ಣ ತಂಡಗಳು. ಒಂದೊಂದರಲ್ಲೂ ವಿನ್ಯಾಸ ಮಾಡುವವರು, ಅದನ್ನು ಕಾರ್ಖಾನೆಯಲ್ಲಿ ತಯಾರಿಸುವವರು, ಅಚ್ಚು ಮತ್ತು ಉಪಕರಣ ಮಾಡುವವರು, ಸಾಮಗ್ರಿ ಕೊಳ್ಳುವವರು ಒಟ್ಟಿಗೆ ಇದ್ದರು. ವಿಮಾನ ಕೊಳ್ಳುವ ಸಂಸ್ಥೆಗಳ ಪ್ರತಿನಿಧಿಗಳೂ ವಿನ್ಯಾಸದ ಹಂತದಲ್ಲೇ ಬಂದು ಕೂತರು. ಮೊದಲ 777ಕ್ಕೆ ಬೋಯಿಂಗ್ ಇಟ್ಟ ಹೆಸರೇ 'ವರ್ಕಿಂಗ್ ಟುಗೆದರ್'. ಪರದೆಯಲ್ಲಿ ಒಂದು ಪೈಪು ಒಂದು ಕಂಬಿಯೊಳಗೆ ನುಗ್ಗಿದ್ದು ಕಂಡರೆ, ಅದನ್ನು ಸರಿಪಡಿಸುವ ಅಧಿಕಾರ ಇದ್ದವರು ಅದೇ ಮೇಜಿನ ಸುತ್ತ ಇರುತ್ತಿದ್ದರು.

ಮುಂದಿನ ವಿಮಾನ 787. ಈ ಬಾರಿ ಬೋಯಿಂಗ್ ದೊಡ್ಡ ದೊಡ್ಡ ಭಾಗಗಳ ವಿನ್ಯಾಸವನ್ನೂ ತಯಾರಿಕೆಯನ್ನೂ ಹೊರಗಿನ ಕಂಪನಿಗಳಿಗೇ ವಹಿಸಿತು. ರೆಕ್ಕೆ ಜಪಾನಿನಲ್ಲಿ, ಒಡಲಿನ ಒಂದು ಭಾಗ ಇಟಲಿಯಲ್ಲಿ, ಇನ್ನೊಂದು ಸೌತ್ ಕೆರೊಲಿನಾದಲ್ಲಿ. ಇಲ್ಲಿ ಮುಖ್ಯ ಪಾಲುದಾರರೆಲ್ಲ ಕ್ಯಾಟಿಯಾದ ಒಂದೇ ಆವೃತ್ತಿ ಬಳಸುವ ವ್ಯವಸ್ಥೆಯೂ ಇತ್ತು. ಡೇಟಾ ಒಂದೇ ಕಡೆ. ಆದರೂ 2007ರ ಜುಲೈ 8ರಂದು ಸಂಭ್ರಮದಿಂದ ಹೊರತಂದ ಮೊದಲ ವಿಮಾನದಲ್ಲಿ ತಾತ್ಕಾಲಿಕ ಬೋಲ್ಟುಗಳಿದ್ದವು. ಒಳಗೆ ಆಗಬೇಕಾದ ಕೆಲಸ ಎಷ್ಟೋ ಬಾಕಿ ಇತ್ತು. ಅದು ಹಾರಿದ್ದು 2009ರ ಡಿಸೆಂಬರ್ 15ರಂದು. ಮೊದಲ ಗ್ರಾಹಕ, ಜಪಾನಿನ ಆಲ್ ನಿಪ್ಪಾನ್ ಏರ್‌ವೇಸ್‌ಗೆ ಸಿಕ್ಕಿದ್ದು 2011ರ ಸೆಪ್ಟೆಂಬರಿನಲ್ಲಿ, ಮೂರು ವರ್ಷಕ್ಕೂ ಹೆಚ್ಚು ತಡವಾಗಿ.

ಒಂದೇ ಸಾಫ್ಟ್‌ವೇರ್ ಇತ್ತು. ಕಂಪ್ಯೂಟರಿನೊಳಗೆ ಒಂದೇ ಮಾದರಿ ಇತ್ತು. ಮತ್ತೆ ಎಡವಟ್ಟಾದದ್ದೆಲ್ಲಿ? ಮಾದರಿಯಲ್ಲಿ ಭಾಗದ ಆಕಾರ ಇತ್ತು. ಆ ಭಾಗ ನಿಜವಾಗಿ ಯಾವ ಸ್ಥಿತಿಯಲ್ಲಿದೆ ಎಂಬುದು ಇರಲಿಲ್ಲ. ಪಾಲುದಾರರು ತಮ್ಮ ಕೆಲಸವನ್ನು ಕೆಳಗಿನ ಕಂಪನಿಗಳಿಗೆ ಹಂಚಿದ್ದರು, ಅವರು ಇನ್ನೂ ಕೆಳಗಿನವರಿಗೆ. ಮೂರನೇ ಮೆಟ್ಟಿಲಲ್ಲಿ ಬೋಲ್ಟು ಸಿಗುತ್ತಿಲ್ಲ ಎಂಬ ಸುದ್ದಿ ಮೇಲಕ್ಕೆ ಬರುವಷ್ಟರಲ್ಲಿ 'ಸ್ವಲ್ಪ ತಡವಾಗಬಹುದು' ಎಂದು ತೆಳ್ಳಗಾಗಿರುತ್ತಿತ್ತು. ಅರ್ಧ ಮುಗಿದ ಭಾಗಗಳು ಬೋಯಿಂಗ್‌ನ ಎವರೆಟ್ ಕಾರ್ಖಾನೆಗೆ ಬಂದಾಗಲೇ ಪೂರ್ತಿ ಚಿತ್ರ ಕಂಡದ್ದು. ಆಮೇಲೆ ಬೋಯಿಂಗ್ ಎವರೆಟ್‌ನಲ್ಲಿ ಹಗಲೂ ರಾತ್ರಿ ನಡೆಯುವ ಒಂದು ಕೇಂದ್ರ ತೆರೆಯಿತು. ಜಗತ್ತಿನ ಯಾವ ಮೂಲೆಯ ಕಾರ್ಖಾನೆಯಿಂದ ತೊಂದರೆ ಬಂದರೂ ಅಲ್ಲಿ ಎಲ್ಲ ವಿಭಾಗದವರೂ ಒಟ್ಟಿಗೆ ಕೂತು ನೋಡುತ್ತಿದ್ದರು. 2009ರಲ್ಲಿ ಸೌತ್ ಕೆರೊಲಿನಾದ ಪಾಲುದಾರರ ಕಾರ್ಖಾನೆಯನ್ನು ತಾನೇ ಕೊಂಡುಕೊಂಡಿತು. ದೂರದಿಂದ ಕಾಣದ್ದನ್ನು ಕಾಣಲು ಅದು ತೆತ್ತ ಬೆಲೆ ಅದು.

777ರಲ್ಲಿ ಹಳೆಯ ಉಪಕರಣ, ಒಳ್ಳೆಯ ಜೋಡಣೆ. 787ರಲ್ಲಿ ಉತ್ತಮ ಉಪಕರಣ, ಸಡಿಲ ಜೋಡಣೆ. ಸಾಫ್ಟ್‌ವೇರ್ ಮಾರುವವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುವುದು ಅಪರೂಪ.

ಇಮೇಲಿನಲ್ಲಿ ಕಳೆದುಹೋದ ಪ್ರಶ್ನೆ

ಇನ್ನೊಂದು ಪ್ರಸಂಗ ನಾಸಾದ್ದು. 1998ರ ಡಿಸೆಂಬರಿನಲ್ಲಿ ಮಂಗಳದತ್ತ ಹೊರಟ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ನಾಶವಾಯಿತು. ಕಾರಣ ಶಾಲಾ ಮಕ್ಕಳಿಗೂ ಗೊತ್ತು. ನೌಕೆ ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ಕಡೆಯ ಸಾಫ್ಟ್‌ವೇರ್ ತಳ್ಳುಬಲದ ಲೆಕ್ಕವನ್ನು ಪೌಂಡ್‌ನಲ್ಲಿ ಕೊಡುತ್ತಿತ್ತು, ದಾರಿ ಲೆಕ್ಕ ಹಾಕುವ ತಂಡ ಅದನ್ನು ನ್ಯೂಟನ್ ಎಂದೇ ಓದುತ್ತಿತ್ತು. ಸುಮಾರು 4.45 ಪಟ್ಟು ವ್ಯತ್ಯಾಸ. ಮಂಗಳದ ಮೇಲೆ 226 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ 57 ಕಿಲೋಮೀಟರಿಗೆ ಇಳಿದಿತ್ತು. 80ಕ್ಕಿಂತ ಕೆಳಗೆ ಅದು ಉಳಿಯುವ ಸಾಧ್ಯತೆ ಇರಲಿಲ್ಲ.

ಅಳತೆಯ ಗೊಂದಲ ಎಲ್ಲರಿಗೂ ನೆನಪಿದೆ. ತನಿಖಾ ಮಂಡಳಿ ಬರೆದ ಇನ್ನೊಂದು ಮಾತು ಅಷ್ಟಾಗಿ ನೆನಪಿಲ್ಲ. ತಳ್ಳುಬಲದ ಲೆಕ್ಕ ಫೈಲುಗಳಲ್ಲಿ ಬರಬೇಕಿತ್ತು, ಮೊದಲ ನಾಲ್ಕು ತಿಂಗಳು ಆ ಫೈಲುಗಳ ಫಾರ್ಮ್ಯಾಟೇ ಸರಿ ಇರಲಿಲ್ಲ. ಹಾಗಾಗಿ ದಾರಿ ನೋಡುವ ತಂಡ ಫೈಲು ಬಿಟ್ಟು ಇಮೇಲ್ ಮಾಹಿತಿಯ ಮೇಲೆ ಕೆಲಸ ನಡೆಸಿತು. ಫಾರ್ಮ್ಯಾಟ್ ಸರಿಯಾಗಿ ಫೈಲು ಓದಲು ಶುರು ಮಾಡಿದ ಮೇಲೆ ಲೆಕ್ಕ ಯಾಕೋ ಹೊಂದುತ್ತಿಲ್ಲ ಎಂಬುದು ಕೆಲವರ ಕಣ್ಣಿಗೆ ಬಿತ್ತು. ಅವರು ಸುಮ್ಮನೆ ಕೂರಲಿಲ್ಲ. ಕೇಳಿದರು. ಆದರೆ ಕೇಳಿದ್ದು ಇಮೇಲಿನಲ್ಲಿ. ಇಂಥ ಅಸಹಜ ವಿಷಯಗಳನ್ನು ದಾಖಲಿಸಲು ನಾಸಾದಲ್ಲಿ ಒಂದು ಔಪಚಾರಿಕ ವ್ಯವಸ್ಥೆ ಇತ್ತು. ಅಲ್ಲಿ ಬರೆದರೆ ಆ ಪ್ರಶ್ನೆಗೆ ಒಂದು ನಂಬರು, ಒಬ್ಬ ಹೊಣೆಗಾರ, 'ಮುಗಿಯಿತು' ಎಂಬ ಸಹಿ ಬೇಕಾಗುತ್ತಿತ್ತು. ಇಮೇಲಿಗೆ ಅದ್ಯಾವುದೂ ಬೇಕಿಲ್ಲ. ಪ್ರಶ್ನೆ ಸಂದಿಯಲ್ಲಿ ಬಿದ್ದುಹೋಯಿತು ಎಂದೇ ಮಂಡಳಿ ಹೇಳಿತು.

ಇವತ್ತಿನ ಚಾಟ್ ಗುಂಪುಗಳನ್ನು ನೋಡಿದಾಗ ನನಗೆ ಈ ಪ್ರಸಂಗವೇ ನೆನಪಾಗುತ್ತದೆ. ಇಮೇಲಿಗಿಂತ ಚಾಟ್ ಇನ್ನೂ ಹಗುರ. ಒಂದು ಅನುಮಾನ ಬರೆದರೆ ಯಾರೋ ಹೆಬ್ಬೆರಳು ತೋರಿಸುತ್ತಾರೆ. ಬರೆದವರಿಗೆ 'ಹೇಳಿಯಾಯಿತು' ಎಂಬ ಸಮಾಧಾನ, ಓದಿದವರಿಗೆ 'ನೋಡಿಯಾಯಿತು' ಎಂಬ ಸಮಾಧಾನ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ನಲವತ್ತು ಮೆಸೇಜು ಬಂದಿರುತ್ತವೆ. ಚಾಟ್ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಚಾಟಿನಲ್ಲಿ ಹುಟ್ಟಿದ ಪ್ರಶ್ನೆಯನ್ನು ಅಲ್ಲಿಂದ ಎತ್ತಿ ಟಿಕೆಟ್ (ನಂಬರು, ಹೊಣೆಗಾರ ಇರುವ ದಾಖಲೆ) ಮಾಡುವ ದಾರಿ ಒಂದೇ ಗುಂಡಿ ಒತ್ತಿದಷ್ಟು ಸುಲಭ ಇರಬೇಕು. ಔಪಚಾರಿಕ ದಾರಿ ಕಷ್ಟವಾದಷ್ಟೂ ಜನ ಅನೌಪಚಾರಿಕ ದಾರಿಯಲ್ಲೇ ಹೋಗುತ್ತಾರೆ. ಅದು ಸೋಮಾರಿತನ ಅಲ್ಲ, ಎಂಟು ಪುಟದ ಫಾರ್ಮು ತುಂಬಲು ಯಾರಿಗೂ ಪುರುಸೊತ್ತಿಲ್ಲ.

ಸಂಖ್ಯೆಯ ಲೆಕ್ಕವೂ ಇದೆ. ತಂಡದಲ್ಲಿ 6 ಜನ ಇದ್ದರೆ ಇಬ್ಬಿಬ್ಬರ ಜೋಡಿಗಳು 15. 50 ಜನ ಇದ್ದರೆ 1,225. 500 ಜನ ಇದ್ದರೆ 1,24,750. ಎಲ್ಲರೂ ಎಲ್ಲರಿಗೂ ಎಲ್ಲವನ್ನೂ ಹೇಳುವುದು ಸಾಧ್ಯವೇ ಇಲ್ಲ. ಅದಕ್ಕೇ ದೊಡ್ಡ ಕೆಲಸವನ್ನು ತುಂಡು ಮಾಡುತ್ತೇವೆ. ತುಂಡು ಮಾಡಿದ ಕಡೆಯಲ್ಲೆಲ್ಲ ಒಂದು ಅಂಚು ಹುಟ್ಟುತ್ತದೆ. ಎಂಜಿನಿಯರುಗಳು ಅದನ್ನು ಇಂಟರ್‌ಫೇಸ್ ಎನ್ನುತ್ತಾರೆ. ಅಲ್ಯೂಮಿನಿಯಂ ವೈರು ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟುವ ಜಾಗ, ಪೌಂಡ್ ನ್ಯೂಟನ್ ಆಗಬೇಕಿದ್ದ ಜಾಗ. ಮೆಲ್ವಿನ್ ಕಾನ್ವೇ ಎಂಬ ಕಂಪ್ಯೂಟರ್ ತಜ್ಞರು 1968ರಲ್ಲೇ ಇದನ್ನು ಗುರುತಿಸಿದ್ದರು. ಒಂದು ಸಂಸ್ಥೆ ಏನೇ ವಿನ್ಯಾಸ ಮಾಡಲಿ, ಆ ಸಂಸ್ಥೆಯೊಳಗೆ ಯಾರು ಯಾರ ಜತೆ ಮಾತಾಡುತ್ತಾರೋ ಅದೇ ಆಕಾರ ಆ ವಿನ್ಯಾಸಕ್ಕೂ ಬರುತ್ತದೆ ಎಂದು. ಮಾತು ಕಡಿದ ಕಡೆ ಯಂತ್ರವೂ ಕಡಿಯುತ್ತದೆ.

ಸಾಫ್ಟ್‌ವೇರಿನವರಿಗೆ ಇರುವ ಅನುಕೂಲ

ಸಾಫ್ಟ್‌ವೇರ್ ಬರೆಯುವವರು ಈ ಸಮಸ್ಯೆಯನ್ನು ಬಹುಮಟ್ಟಿಗೆ ದಾಟಿದ್ದಾರೆ. 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಎಂಬ ಸಾಫ್ಟ್‌ವೇರ್ ಬರೆದರು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಜಗತ್ತಿನ ಮೂಲೆಮೂಲೆಯಿಂದ ಬರುತ್ತಿದ್ದ ಬದಲಾವಣೆಗಳನ್ನು ನಿಭಾಯಿಸಲು ಅವರಿಗೊಂದು ಸಾಧನ ಬೇಕಿತ್ತು. ಇಬ್ಬರು ಒಂದೇ ಫೈಲಿನ ಒಂದೇ ಸಾಲನ್ನು ಬೇರೆ ಬೇರೆ ರೀತಿ ಬದಲಿಸಿದರೆ ಗಿಟ್ ಮುಂದೆ ಹೋಗುವುದೇ ಇಲ್ಲ. ಇಲ್ಲಿ ಜಗಳ ಇದೆ, ಮೊದಲು ತೀರಿಸಿ ಎನ್ನುತ್ತದೆ. ಯಾವ ಸಾಲು, ಯಾರು, ಯಾವಾಗ, ಎಲ್ಲ ತೋರಿಸುತ್ತದೆ. ನಾನು ಮೇಲೆ ಹೇಳಿದ ಅಳತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಭಿನ್ನಾಭಿಪ್ರಾಯವನ್ನು ಮುಚ್ಚಿಟ್ಟು ಮುಂದೆ ಹೋಗಲು ಅದು ಬಿಡುವುದಿಲ್ಲ.

ಇದನ್ನೇ ಯಂತ್ರ, ಸೇತುವೆ, ವಿಮಾನದವರಿಗೆ ಯಾಕೆ ಕೊಡಲಾಗುತ್ತಿಲ್ಲ? ಪ್ರೋಗ್ರಾಂ ಎಂದರೆ ಸಾಲು ಸಾಲಾದ ಅಕ್ಷರ. ಎರಡು ಆವೃತ್ತಿಯನ್ನು ಪಕ್ಕದಲ್ಲಿಟ್ಟು ಹೋಲಿಸಬಹುದು. ಮೂರು ಆಯಾಮದ ಮಾದರಿ ಹಾಗಲ್ಲ. ಒಂದು ರಂಧ್ರವನ್ನು ಎರಡು ಮಿಲಿಮೀಟರ್ ಸರಿಸಿದರೆ ಅದರ ಮೇಲೆ ಆಧಾರಪಟ್ಟ ಮೇಲ್ಮೈಗಳೆಲ್ಲ ಮತ್ತೆ ಲೆಕ್ಕವಾಗುತ್ತವೆ. ಎರಡು ಮಾದರಿಗಳನ್ನು ತಾನಾಗಿ ಬೆರೆಸುವುದು ಬಹಳ ಕಷ್ಟ. ಅದಕ್ಕೇ ಹೆಚ್ಚಿನ ಕಂಪನಿಗಳಲ್ಲಿ ಈಗಲೂ ಬೀಗದ ಪದ್ಧತಿ. ಒಬ್ಬರು ಫೈಲು ತೆಗೆದುಕೊಂಡರೆ ಅದು ಲಾಕ್, ವಾಪಸ್ ಇಡುವವರೆಗೆ ಉಳಿದವರು ಕಾಯಬೇಕು. ಕ್ಲೌಡ್‌ನಲ್ಲಿ ಹಲವರು ಒಟ್ಟಿಗೆ ತಿದ್ದಬಹುದಾದ ಕ್ಯಾಡ್, ಅಂದರೆ ವಿನ್ಯಾಸದ, ಸಾಫ್ಟ್‌ವೇರುಗಳು ಬಂದಿವೆ. ಸಣ್ಣ ತಂಡಗಳಿಗೆ ಚೆನ್ನಾಗಿವೆ. ಇಪ್ಪತ್ತು ವರ್ಷದ ಹಳೆಯ ಡೇಟಾ ಇರುವ ದೊಡ್ಡ ಕಂಪನಿ ಅದಕ್ಕೆ ಹಾರುವುದು ಸುಲಭವಲ್ಲ.

ಇನ್ನೊಂದು ವ್ಯತ್ಯಾಸ ಇದೆ. ಪ್ರೋಗ್ರಾಂ ತಪ್ಪಾದರೆ ತಿದ್ದಿ ಮತ್ತೆ ಕಳಿಸಬಹುದು. ಕಾಂಕ್ರೀಟ್ ಸುರಿದ ಮೇಲೆ ಒಡೆಯಬೇಕು.

ಕಟ್ಟಡದವರು ಇದಕ್ಕೆ ಒಂದು ಮಟ್ಟದ ಉತ್ತರ ಕಂಡುಕೊಂಡಿದ್ದಾರೆ. ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್, ಅಂದರೆ ಬಿಮ್. ಸಿವಿಲ್, ಎಲೆಕ್ಟ್ರಿಕಲ್, ನೀರು, ಗಾಳಿ, ಬೆಂಕಿ ಸುರಕ್ಷತೆ, ಎಲ್ಲರ ಮಾದರಿಗಳನ್ನೂ ಒಂದರ ಮೇಲೊಂದು ಇಟ್ಟು, ಎಲ್ಲಿ ಎಸಿಯ ಡಕ್ಟು ಬೀಮಿನೊಳಗೆ ನುಗ್ಗಿದೆ ಎಂದು ಕಂಪ್ಯೂಟರೇ ಹುಡುಕುತ್ತದೆ. ಬ್ರಿಟನ್ 2016ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಇದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ನಾಗಪುರ ಮೆಟ್ರೊ ಸಮಯ ಮತ್ತು ಖರ್ಚಿನ ಲೆಕ್ಕವನ್ನೂ ಸೇರಿಸಿದ ಮಾದರಿ ಬಳಸಿತು. 2018ರಲ್ಲಿ ಬಂದ ಐಎಸ್‌ಒ 19650 ಎಂಬ ಮಾನದಂಡದಲ್ಲಿ ನನಗೆ ಬಹಳ ಇಷ್ಟವಾದ ಒಂದು ಸರಳ ವಿಚಾರ ಇದೆ. ಯಾವುದೇ ಡ್ರಾಯಿಂಗ್ ನಾಲ್ಕರಲ್ಲಿ ಒಂದು ಸ್ಥಿತಿಯಲ್ಲಿರಬೇಕು. ಇನ್ನೂ ಕೆಲಸ ನಡೆಯುತ್ತಿದೆ, ಬೇರೆಯವರು ನೋಡಲಿ ಎಂದು ಹಂಚಿದೆ, ಬಳಕೆಗೆ ಹೊರಡಿಸಿದೆ, ಹಳೆಯದಾಗಿ ಕಡತ ಸೇರಿದೆ. ಸೈಟಿನಲ್ಲಿ ಕೆಲಸ ನಡೆಯಬೇಕಾದದ್ದು ಹೊರಡಿಸಿದ ಡ್ರಾಯಿಂಗಿನ ಮೇಲೆ ಮಾತ್ರ.

ನಮ್ಮ ಸೈಟುಗಳಲ್ಲಿ ಏನಾಗುತ್ತದೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಆಫೀಸಿನಲ್ಲಿ ಲಕ್ಷಾಂತರ ರೂಪಾಯಿಯ ಬಿಮ್ ಸಾಫ್ಟ್‌ವೇರ್ ಇರುತ್ತದೆ. ಸೈಟಿನ ಸೂಪರ್‌ವೈಸರ್ ಕೈಯಲ್ಲಿ ವಾಟ್ಸ್‌ಆ್ಯಪ್ ಇರುತ್ತದೆ. 'ಸಾರ್, ಆ ಕಾಲಮ್ ಡೀಟೇಲ್ ಒಂದು ಫೋಟೊ ಕಳಿಸಿ' ಎನ್ನುತ್ತಾರೆ. ಯಾರೋ ಕಳಿಸುತ್ತಾರೆ. ಅದು ಎಷ್ಟನೇ ತಿದ್ದುಪಡಿ ಎಂದು ಹೇಳುವ, ಮೂಲೆಯಲ್ಲಿದ್ದ ರೆವಿಷನ್ ನಂಬರು ಫೋಟೊದಲ್ಲಿ ಬಂದಿರುವುದಿಲ್ಲ. ಮೂರು ದಿನದ ನಂತರ ರೆವಿಷನ್ ಬದಲಾಗುತ್ತದೆ, ಫೋಟೊ ಬದಲಾಗುವುದಿಲ್ಲ. ಸೂಪರ್‌ವೈಸರನ್ನು ಬೈದರೆ ಪ್ರಯೋಜನ ಇಲ್ಲ. ಬಿಸಿಲಿನಲ್ಲಿ, ಸಿಮೆಂಟ್ ಮೆತ್ತಿದ ಕೈಯಲ್ಲಿ, ಅರೆಬರೆ ಸಿಗ್ನಲ್‌ನಲ್ಲಿ, ಒಂದೇ ಕ್ಷಣದಲ್ಲಿ ತೆರೆದುಕೊಳ್ಳುವುದು ವಾಟ್ಸ್‌ಆ್ಯಪ್ ಒಂದೇ. ಸೈಟಿನ ವ್ಯವಸ್ಥೆ ಅಷ್ಟೇ ಬೇಗ ತೆರೆದುಕೊಳ್ಳಬೇಕು. ಗೋಡೆಗೆ ಅಂಟಿಸಿದ ಡ್ರಾಯಿಂಗಿನ ಮೇಲೆ ಒಂದು ಕ್ಯೂಆರ್ ಕೋಡ್ ಇದ್ದು, ಸ್ಕ್ಯಾನ್ ಮಾಡಿದ ಕೂಡಲೇ 'ಇದು ಹಳೆಯದು, ಬಳಸಬೇಡಿ' ಎಂದು ಕೆಂಪು ಪರದೆ ಬಂದರೆ ಸಾಕು, ಎಷ್ಟೋ ಒಡೆಯುವ ಕೆಲಸ ಉಳಿಯುತ್ತದೆ. ಇದೇನು ದೊಡ್ಡ ತಂತ್ರಜ್ಞಾನ ಅಲ್ಲ.

ದೊಡ್ಡ ಬಾಹ್ಯಾಕಾಶ ಸಂಸ್ಥೆಗಳು ಇನ್ನೊಂದು ದಾರಿ ಹಿಡಿದವು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ 1995ರಲ್ಲಿ, ಯುರೋಪಿನ ಇಎಸ್‌ಎ 1998ರಲ್ಲಿ ಒಂದೊಂದು ವಿಶೇಷ ಕೋಣೆ ಮಾಡಿಕೊಂಡವು. ಹೊಸ ನೌಕೆಯ ಆರಂಭದ ವಿನ್ಯಾಸಕ್ಕೆ ಎಲ್ಲ ವಿಭಾಗದವರೂ ಅಲ್ಲಿ ಒಟ್ಟಿಗೆ ಕೂರುತ್ತಾರೆ. ಎಲ್ಲರ ಲೆಕ್ಕವೂ ಒಂದಕ್ಕೊಂದು ಕೂಡಿರುತ್ತದೆ. ಕ್ಯಾಮೆರಾದವರು ತೂಕ ಎರಡು ಕಿಲೋ ಹೆಚ್ಚು ಮಾಡಿದರೆ ಇಂಧನದವರ ಪರದೆಯಲ್ಲಿ ಸಂಖ್ಯೆ ಬದಲಾಗುತ್ತದೆ. ಅವರು ತಲೆ ಎತ್ತಿ 'ಯಾಕೆ?' ಎಂದು ಕೇಳುತ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಅಧ್ಯಯನ ವಾರಗಳಲ್ಲಿ ಮುಗಿಯತೊಡಗಿತು. ಅಲ್ಲಿ ಕೆಲಸ ಮಾಡಿದ್ದು ಬರೀ ಕೂಡಿಸಿದ ಲೆಕ್ಕ ಅಲ್ಲ. ಆ 'ಯಾಕೆ' ಕೇಳಲು ಮೀಟಿಂಗ್ ಕರೆಯುವ ಅಗತ್ಯ ಇಲ್ಲದೇ ಹೋದದ್ದು.

ಬೆಂಗಳೂರಿಗೆ 'ಏನು' ಬರುತ್ತದೆ, 'ಯಾಕೆ' ಬರುವುದಿಲ್ಲ

ಬೆಂಗಳೂರು ಈ ಮಾತಿನ ನಡುವೆಯೇ ಇದೆ. ಏರ್‌ಬಸ್‌ಗೂ ಬೋಯಿಂಗ್‌ಗೂ ಇಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ದೇವನಹಳ್ಳಿ ಬಳಿ 43 ಎಕರೆಯಲ್ಲಿ, 1,600 ಕೋಟಿ ರೂಪಾಯಿ ವೆಚ್ಚದ ಬೋಯಿಂಗ್ ಕ್ಯಾಂಪಸ್ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಕಾರು, ರೈಲು, ಜೆಟ್ ಎಂಜಿನ್, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ, ಇವೆಲ್ಲದರ ಒಂದಷ್ಟು ಭಾಗ ವೈಟ್‌ಫೀಲ್ಡ್‌ನಲ್ಲೋ ಮಾನ್ಯತಾದಲ್ಲೋ ವಿನ್ಯಾಸಗೊಳ್ಳುತ್ತದೆ. ಅಂದರೆ ಇಂಟರ್‌ಫೇಸಿನ ಒಂದು ತುದಿಯಲ್ಲಿ ನಮ್ಮ ಹುಡುಗ ಹುಡುಗಿಯರು ಕೂತಿದ್ದಾರೆ.

ಅವರಿಗೆ ಮೊದಲ ತೊಡಕು ಗಡಿಯಾರ. ಬೇಸಿಗೆಯಲ್ಲಿ ಟುಲೂಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿಯವರ ಬೆಳಗ್ಗೆ ನಮ್ಮ ಮಧ್ಯಾಹ್ನ. ಅರ್ಧ ದಿನ ಒಟ್ಟಿಗೆ ಸಿಗುತ್ತದೆ. ಬೋಯಿಂಗ್‌ನವರ ಸಿಯಾಟಲ್ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಬೆಳಗ್ಗೆ 9 ಆದಾಗ ಇಲ್ಲಿ ರಾತ್ರಿ 9.30. ಒಟ್ಟಿಗೆ ಸಿಗುವ ಹೊತ್ತೇ ಇಲ್ಲ. ಹಾಗಾಗಿ ಪ್ರಶ್ನೆಯನ್ನು ಬರೆದು ಕಳಿಸಬೇಕು. ಬರೆದದ್ದು ಅಸ್ಪಷ್ಟವಾಗಿದ್ದರೆ ಬೆಳಗ್ಗೆ ಉತ್ತರದ ಬದಲು ಇನ್ನೊಂದು ಪ್ರಶ್ನೆ ಬಂದಿರುತ್ತದೆ. ಒಂದು ದಿನ ಹೋಯಿತು. ಇಂಥ ತಂಡಕ್ಕೆ ವಿಡಿಯೊ ಕಾಲಿಗಿಂತ ಒಳ್ಳೆಯ ಉಪಕಾರ ಮಾಡುವುದು ಮಾದರಿಯ ಮೇಲೇ, ಆ ಮೂಲೆಯಲ್ಲೇ, ಗುರುತು ಹಾಕಿ ಪ್ರಶ್ನೆ ಬರೆಯುವ ಸೌಲಭ್ಯ. 'ಆ ಎಡಗಡೆ ಬ್ರಾಕೆಟ್' ಎಂದು ವರ್ಣಿಸುವ ಕಷ್ಟ ತಪ್ಪುತ್ತದೆ.

ಎರಡನೆಯದು ಕಾನೂನು. ಅಮೆರಿಕದ ರಫ್ತು ನಿಯಂತ್ರಣ ನಿಯಮಗಳ ಪ್ರಕಾರ ಕೆಲವು ತಾಂತ್ರಿಕ ಮಾಹಿತಿಯನ್ನು ಬೇರೆ ದೇಶದವರಿಗೆ ಅನುಮತಿ ಇಲ್ಲದೆ ತೋರಿಸುವಂತಿಲ್ಲ. ಹಾಗಾಗಿ ಇಲ್ಲಿಯವರ ಪರದೆಯಲ್ಲಿ ಮಾದರಿಯ ಒಂದು ಭಾಗ ಮಾತ್ರ ಕಾಣಬಹುದು. ಪಕ್ಕದಲ್ಲಿ ಏನಿದೆ ಎಂಬುದು ಖಾಲಿ. ಇದನ್ನು ಯಾವ ಆ್ಯಪ್ ಕೂಡ ಬಗೆಹರಿಸಲಾರದು. ಆದರೆ ಅಲ್ಲಿ ಏನೋ ಇದೆ, ಇಷ್ಟು ಜಾಗ ಬಿಡಿ, ಇಷ್ಟು ಬಿಸಿ ಬರುತ್ತದೆ ಎಂದಾದರೂ ತಿಳಿಸಬಹುದು.

ಮೂರನೆಯದು ನನ್ನ ಪ್ರಕಾರ ದೊಡ್ಡದು. ಇಲ್ಲಿಗೆ ಬರುವುದು ಹೆಚ್ಚಾಗಿ 'ಏನು ಮಾಡಬೇಕು' ಎಂಬುದು. ಈ ದಪ್ಪವನ್ನು 3ರಿಂದ 4 ಮಿಲಿಮೀಟರ್ ಮಾಡಿ. ಮೊದಲು 3 ಯಾಕಿತ್ತು, ಯಾರು ಯಾವ ಪರೀಕ್ಷೆ ನೋಡಿ ಹಾಗೆ ಇಟ್ಟರು, 4 ಮಾಡಿದರೆ ಯಾರಿಗೆ ತೊಂದರೆ, ಇದು ಜತೆಯಲ್ಲಿ ಬರುವುದಿಲ್ಲ. ಅದು ಅಲ್ಲಿನ ಹಿರಿಯ ಎಂಜಿನಿಯರರ ತಲೆಯಲ್ಲಿರುತ್ತದೆ. ಅವರು ನಿವೃತ್ತರಾಗುತ್ತಾರೆ. ಇಲ್ಲಿ ಎರಡು ವರ್ಷ ಕೆಲಸ ಕಲಿತವರು ಬೇರೆ ಕಂಪನಿಗೆ ಹೋಗುತ್ತಾರೆ.

ಇದು ಹೊಸ ನೋವಲ್ಲ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಸಾವಿರಾರು ಜನ ಕೆಲಸ ಮಾಡುತ್ತಿದ್ದರು, ಬಹಳ ಜನ ಇರುತ್ತಿದ್ದದ್ದು ಎರಡೇ ವರ್ಷ. ಹಳೆಯ ಯೋಜನೆಗಳ ವಿವರ ಎಲ್ಲೋ ಬರೆದಿರುತ್ತದೆ, ಬೇಕಾದಾಗ ಸಿಗುವುದಿಲ್ಲ ಎಂದು 1989ರಲ್ಲಿ ಟಿಮ್ ಬರ್ನರ್ಸ್-ಲೀ ತಮ್ಮ ಮೇಲಧಿಕಾರಿಗೆ ಒಂದು ಪ್ರಸ್ತಾವ ಬರೆದುಕೊಟ್ಟರು. ಅದರಿಂದ ಹುಟ್ಟಿದ್ದೇ ವರ್ಲ್ಡ್ ವೈಡ್ ವೆಬ್. ನಾವು ದಿನವಿಡೀ ಬಳಸುವ ವೆಬ್ ಮೂಲದಲ್ಲಿ ದೊಡ್ಡ ಎಂಜಿನಿಯರಿಂಗ್ ತಂಡದ ನೆನಪು ಉಳಿಸಲು ಮಾಡಿದ ಸಾಧನ. ಒಂದು ಮಾಹಿತಿಯಿಂದ ಅದರ ಕಾರಣಕ್ಕೆ, ಕಾರಣದಿಂದ ಅದನ್ನು ಬರೆದವರಿಗೆ ಕೊಂಡಿ ಹಾಕುವುದು ಅದರ ಉದ್ದೇಶ. ಆ ಕೊಂಡಿ ಇವತ್ತಿಗೂ ಬಹಳ ಕಂಪನಿಗಳ ಡ್ರಾಯಿಂಗುಗಳಲ್ಲಿ ಇಲ್ಲ.

ಎಐ ಇಲ್ಲಿ ನಿಜಕ್ಕೂ ಸಹಾಯ ಮಾಡಬಹುದು. ಹತ್ತು ವರ್ಷದ ಮೀಟಿಂಗ್ ಮಿನಿಟ್ಸ್, ಪರೀಕ್ಷೆಯ ವರದಿ, ಇಮೇಲು, ಟಿಕೆಟ್ಟುಗಳನ್ನು ಓದಿ 'ಈ ದಪ್ಪ 3 ಮಿಲಿಮೀಟರ್ ಯಾಕಿತ್ತು?' ಎಂಬ ಪ್ರಶ್ನೆಗೆ ಸಂಬಂಧಪಟ್ಟ ನಾಲ್ಕು ಪುಟ ಎತ್ತಿಕೊಡಬಹುದು. ಕನ್ನಡ, ಹಿಂದಿ, ಬಂಗಾಳಿ, ಒಡಿಯಾ ಎಲ್ಲ ಕಿವಿಗೆ ಬೀಳುವ ಸೈಟಿನಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಭಾಷೆಗೆ ತಂದುಕೊಡಬಹುದು. ನನಗೆ ಭಯ ಇರುವುದು ಬೇರೆ ಕಡೆ. ಅದು ಹಳೆಯ ರೆವಿಷನ್ ಓದಿ, ಬಹಳ ಅಚ್ಚುಕಟ್ಟಾದ ಭಾಷೆಯಲ್ಲಿ ತಪ್ಪು ಉತ್ತರ ಕೊಡಬಹುದು. ಎರಡು ದಾಖಲೆ ಎರಡು ಸಂಖ್ಯೆ ಹೇಳಿದರೆ ಅದರಲ್ಲಿ ಒಂದನ್ನು ಆರಿಸಿ ಮೃದುವಾಗಿ ಮುಂದೆ ಹೋಗಬಹುದು. ಮೀಟಿಂಗಿನಲ್ಲಿ ಇಬ್ಬರು ಒಪ್ಪದೆ ಎದ್ದುಹೋದದ್ದು ಸಾರಾಂಶದಲ್ಲಿ 'ಚರ್ಚೆ ನಡೆಯಿತು' ಆಗಿಬಿಡಬಹುದು. ಗಿಟ್ ನಿಲ್ಲಿಸಿ ತೋರಿಸುವ ಜಗಳವನ್ನು ಇದು ಒರೆಸಿಹಾಕುತ್ತದೆ. ಹಾಗಾಗಿ ಕೊಳ್ಳುವವರು ಕೇಳಬೇಕಾದದ್ದು 'ಎಷ್ಟು ಚೆನ್ನಾಗಿ ಸಾರಾಂಶ ಮಾಡುತ್ತದೆ?' ಎಂದಲ್ಲ. ಎರಡು ದಾಖಲೆ ಹೊಂದದಿದ್ದಾಗ ಏನು ಮಾಡುತ್ತದೆ? ಯಾವ ರೆವಿಷನ್‌ನಿಂದ ಉತ್ತರ ತೆಗೆಯಿತು ಎಂದು ತೋರಿಸುತ್ತದೆಯೇ? ಗೊತ್ತಿಲ್ಲದಾಗ ಯಾರನ್ನು ಕೇಳಬೇಕು ಎಂದು ಹೆಸರು ಹೇಳುತ್ತದೆಯೇ?

ಕರ್ನಾಟಕ ಸರ್ಕಾರ 2024ರ ನವೆಂಬರಿನಲ್ಲಿ ಜಿಸಿಸಿ (ವಿದೇಶಿ ಕಂಪನಿಗಳು ತಮ್ಮ ಕೆಲಸಕ್ಕೆ ಇಲ್ಲಿ ತೆರೆಯುವ ಕೇಂದ್ರಗಳು) ನೀತಿ ಹೊರತಂದು, 2029ರೊಳಗೆ 500 ಹೊಸ ಕೇಂದ್ರಗಳು ಬರಬೇಕು ಎಂಬ ಗುರಿ ಇಟ್ಟಿದೆ. ಇವುಗಳಲ್ಲಿ ಎಷ್ಟೋ ಕಡೆ ಕೆಲಸವನ್ನು ಅಳೆಯುವುದು ಎಷ್ಟು ಡ್ರಾಯಿಂಗ್ ಮುಗಿಯಿತು, ಎಷ್ಟು ಟಿಕೆಟ್ ಮುಚ್ಚಿತು ಎಂಬುದರಿಂದ. ಇಲ್ಲಿಂದ ಎಷ್ಟು ಪ್ರಶ್ನೆ ಎದ್ದಿತು ಎಂಬುದನ್ನು ಯಾರೂ ಎಣಿಸುವುದಿಲ್ಲ. ಪ್ರಶ್ನೆ ಕೇಳಿದರೆ ಕೆಲಸ ತಡ, ತಡವಾದರೆ ಅಂಕ ಕಡಿಮೆ. ಆಗ ಅನುಮಾನ ಬಂದರೂ ಕಿರಿಯ ಎಂಜಿನಿಯರ್ ಹೇಳಿದಷ್ಟು ಮಾಡಿ ಮುಗಿಸುತ್ತಾರೆ. ಹೊಸ ಕೇಂದ್ರ ಕಟ್ಟುವವರು ಸಾಫ್ಟ್‌ವೇರ್ ಆರಿಸುವ ಮೊದಲೇ ಎರಡು ವಿಷಯವನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು ಎಂಬುದು ನನ್ನ ಒತ್ತಾಯ. ಪ್ರತಿ ಇಂಟರ್‌ಫೇಸಿಗೂ ಎರಡೂ ಊರುಗಳಲ್ಲಿ ಒಬ್ಬೊಬ್ಬ ಹೊಣೆಗಾರರ ಹೆಸರು ಇರಬೇಕು. ಇಲ್ಲಿಂದ ಹೋದ ಔಪಚಾರಿಕ ಪ್ರಶ್ನೆಗೆ ಕಾರಣ ಸಮೇತ ಉತ್ತರ ಬರುವವರೆಗೆ ಅಲ್ಲಿನ ಡ್ರಾಯಿಂಗ್ ಹೊರಡಬಾರದು.